ಹೋಗುವ ಬಸ್ಸು ಇದೆ, ಬರುವ ಬಸ್ಸು?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕುಗ್ರಾಮ ಎಂದೊಡನೆ ಮನಸ್ಸು ಮಲೆನಾಡಿನ ಕಡೆ ಓಡುತ್ತದೆ. ಕಾಲುಸಂಕ, ಹಳ್ಳದಾಚೆಯ ಒಂಟಿ ಮನೆ, ರೋಗಿಯನ್ನು ಜೋಳಿಗೆಯಲ್ಲಿ ಹೊತ್ತು ತರುವ ಜನ ಕಣ್ಣ ಮುಂದೆ ಬರುತ್ತಾರೆ. ಅದೇ ಜಿಲ್ಲೆಯ ಪೂರ್ವದ ಬಯಲು ಯಾರ ಕಣ್ಣಿಗೂ ಹಾಗೆ ಬೀಳುವುದಿಲ್ಲ. ಕಡೂರು, ಬೀರೂರು, ತರೀಕೆರೆಗಳನ್ನು ಪೋಣಿಸಿಕೊಂಡು ತುಮಕೂರು–ಹೊನ್ನಾವರ ಹೆದ್ದಾರಿ ಹೋಗುತ್ತದೆ. ಬೀರೂರಿನಲ್ಲಿ ಜಂಕ್ಷನ್ ಇದೆ, ಅಜ್ಜಂಪುರ, ಶಿವನಿಯಲ್ಲಿ ರೈಲು ನಿಲ್ಲುತ್ತದೆ, 2013ರ ನವೆಂಬರಿನಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಓಡತೊಡಗಿತು. ನಕ್ಷೆ ಬಿಡಿಸಿಟ್ಟರೆ ಇವು ಮೂಲೆಯ ಊರುಗಳೆಂದು ಯಾರೂ ಹೇಳಲಾರರು. ಆದರೆ ಹೆದ್ದಾರಿ ಬಿಟ್ಟು ಯಗಟಿ, ಸಿಂಗಟಗೆರೆ, ಪಂಚನಹಳ್ಳಿ ಸುತ್ತಿನ ಒಳಹಳ್ಳಿಗಳಿಗೋ, ಶಿವನಿ, ಬುಕ್ಕಾಂಬುಧಿ ಕಡೆಗೋ, ಲಿಂಗದಹಳ್ಳಿಯ ಗುಡ್ಡದ ಬುಡಕ್ಕೋ ಹೊರಟರೆ ದೂರದ ಲೆಕ್ಕವೇ ಬೇರೆಯಾಗುತ್ತದೆ. ಅಲ್ಲಿ ಊರು ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಹೊತ್ತಿಗೆ ಬಸ್ಸು ಎಂದು ಕೇಳುತ್ತಾರೆ.

ಕಳೆದ ಕಾಲು ಶತಮಾನದಲ್ಲಿ ಸರ್ಕಾರಗಳು ಹಳ್ಳಿಗೆ ಏನೂ ಕೊಟ್ಟಿಲ್ಲ ಎನ್ನುವುದು ಸುಳ್ಳು. 2000ದ ಡಿಸೆಂಬರಿನಲ್ಲಿ ಆರಂಭವಾದ ಗ್ರಾಮ ಸಡಕ್ ಯೋಜನೆ, ಆಮೇಲಿನ ನಮ್ಮ ಗ್ರಾಮ ನಮ್ಮ ರಸ್ತೆ ಯೋಜನೆ ಡಾಂಬರು ತಂದವು. ಸಕಾಲ ಕಾಯ್ದೆ ಅರ್ಜಿಗೆ ಗಡುವು ಹಾಕಿತು. ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್ ಬಂದು ಪಹಣಿ, ಜಾತಿ–ಆದಾಯ ಪತ್ರಗಳಿಗೆ ತಾಲ್ಲೂಕು ಕೇಂದ್ರಕ್ಕೆ ಅಲೆಯುವುದನ್ನು ಕಡಿಮೆ ಮಾಡಿದವು. 2017–18ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದಾಗಿ, ತಹಶೀಲ್ದಾರರ ಕಚೇರಿ ಹತ್ತಿರ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಟಿಕೆಟ್ಟಿನ ಖರ್ಚೂ ಇಲ್ಲವಾಯಿತು. ರಸ್ತೆ, ಕಚೇರಿ, ಟಿಕೆಟ್ಟು ಮೂರೂ ಸಿಕ್ಕವು. ಸಿಗದೆ ಉಳಿದದ್ದು ವೇಳಾಪಟ್ಟಿ. ಇಷ್ಟು ಗಂಟೆಗೆ ಹೊರಟರೆ ಇಷ್ಟು ಗಂಟೆಗೆ ಮನೆ ಸೇರಬಹುದು ಎಂಬ ಭರವಸೆಯನ್ನು ಯಾವ ಯೋಜನೆಯೂ ಕೊಟ್ಟಿಲ್ಲ. ಅದನ್ನು ರಸ್ತೆಯ ಹಾಗೆಯೇ ಸರ್ಕಾರ ದುಡ್ಡು ಕೊಟ್ಟು ಒದಗಿಸಬೇಕಾದ ಸೌಕರ್ಯವೆಂದು ಒಪ್ಪದ ಹೊರತು ಉಳಿದ ಮೂರಕ್ಕೆ ಸುರಿದದ್ದು ಅರ್ಧಕ್ಕರ್ಧ ವ್ಯರ್ಥ ಎಂಬುದು ಈ ಲೇಖನದ ವಾದ.

ಹೋಗುವ ಬಸ್ಸಿಗಿಂತ ಬರುವ ಬಸ್ಸು ಮುಖ್ಯ. ಒಳಹಳ್ಳಿಯ ಬಸ್ಸಿನ ಮಾಮೂಲಿ ಪದ್ಧತಿ ಹೀಗೆ: ರಾತ್ರಿ ಹಾಲ್ಟಿಂಗ್ ಗಾಡಿ ಊರಿಗೆ ಬರುತ್ತದೆ, ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೋ ದೇವಸ್ಥಾನದ ಜಗಲಿಯಲ್ಲೋ ಮಲಗಿ ನಸುಕಿಗೆ ಗಾಡಿ ಎತ್ತುತ್ತಾರೆ. ಶಾಲೆ–ಕಾಲೇಜಿನ ಹೊತ್ತಿಗೊಂದು ಟ್ರಿಪ್, ಸಂಜೆಗೊಂದು. ನಡುವೆ ಇಡೀ ಹಗಲು ಖಾಲಿ. ಈಗ ತಾಲ್ಲೂಕು ಆಸ್ಪತ್ರೆಯ ದಿನಚರಿಯನ್ನು ಅದರ ಪಕ್ಕ ಇಟ್ಟು ನೋಡಿ. ಬೆಳಿಗ್ಗೆ ಚೀಟಿ ಮಾಡಿಸಿ ಸರದಿಯಲ್ಲಿ ಕೂತು ಡಾಕ್ಟರಿಗೆ ತೋರಿಸುವಷ್ಟರಲ್ಲಿ ಹೊತ್ತು ಏರಿರುತ್ತದೆ. ರಕ್ತಪರೀಕ್ಷೆ ಬರೆದರೆ ರಿಪೋರ್ಟು ಮಧ್ಯಾಹ್ನದ ಮೇಲೆ. ಅದನ್ನು ತೋರಿಸಿ ಮಾತ್ರೆ ಇಸಿದುಕೊಳ್ಳಬೇಕೋ, ಬಸ್ಸು ಹಿಡಿಯಬೇಕೋ? ಮುದುಕರು ಬಸ್ಸು ಹಿಡಿಯುತ್ತಾರೆ, ರಿಪೋರ್ಟು ಅಲ್ಲೇ ಉಳಿಯುತ್ತದೆ. ಪ್ರಾಕ್ಟಿಕಲ್ ಮುಗಿಸಿ ಕಾಲೇಜಿನಿಂದ ಹೊರಬೀಳುವ ಹುಡುಗಿಯ ಲೆಕ್ಕವೂ ಇದೇ, ಅವಳ ಅಪ್ಪ ವಿಜ್ಞಾನ ಬೇಡ ಎನ್ನುವುದಕ್ಕೆ ಒಮ್ಮೊಮ್ಮೆ ಕೊನೆಯ ಬಸ್ಸೇ ಕಾರಣ. ಅವಳ ಬಳಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನ ಹಕ್ಕಿದೆ, ಹತ್ತಲು ಗಾಡಿಯಿಲ್ಲ.

ಈಗ ಎಲ್ಲರ ಮನೆಯಲ್ಲೂ ಬೈಕಿದೆಯಲ್ಲ ಎಂಬ ಮಾತು ಮೊದಲು ಬರುತ್ತದೆ. ಬೈಕಿರುವುದು ನಿಜ. ಆದರೆ ಅದು ಮನೆಯ ಗಂಡು ದುಡಿಯಲು ಹೋಗುವ ಬೈಕು. ಅವನು ಕೆಲಸ ಬಿಟ್ಟು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋಯಿತು. 2025–26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ, ತಾಯಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200. ನಾಲ್ಕು ಸಲ ಮಗನ ಕೂಲಿ ಕೆಡಿಸಿದರೆ ತಿಂಗಳ ಪಿಂಚಣಿಯನ್ನೂ ಮೀರಿತು. ಸಾರಿಗೆ ನಿಗಮದ ಲೆಕ್ಕಪುಸ್ತಕದಲ್ಲಿ ಈ ನಷ್ಟ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಟ್ರಿಪ್ ರದ್ದು ಮಾಡಿದಾಗಲೆಲ್ಲ ಉಳಿತಾಯ ಎಂದೇ ಬರೆದುಕೊಳ್ಳುತ್ತಾರೆ. 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಸಿಗುತ್ತಿದ್ದ ಸರ್ಕಾರಿ ಸೈಕಲ್ ಕೋವಿಡ್ ಹೊತ್ತಿಗೆ ನಿಂತದ್ದೂ ಇಂಥದೇ ಉಳಿತಾಯ.

ಎಲ್ಲವೂ ಆನ್‌ಲೈನ್ ಆಗುತ್ತಿರುವಾಗ ಓಡಾಟವೇಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಅರ್ಜಿಗಳ ಮಟ್ಟಿಗೆ ಅಲೆದಾಟ ತಗ್ಗಿದೆ, ಇನ್ನೂ ತಗ್ಗಲಿ. ಆದರೆ ಕಾಗದವನ್ನು ಕಳಿಸಿದಂತೆ ಬಸುರಿ ಹೆಂಗಸನ್ನು ಸ್ಕ್ಯಾನಿಂಗಿಗೆ ಕಳಿಸಲು ಬರುವುದಿಲ್ಲ. ತೆಂಗಿನಕಾಯಿ, ಈರುಳ್ಳಿ ಸಂತೆಗೆ ಹೋಗಲೇಬೇಕು, ಕೋರ್ಟಿನ ವಾಯಿದೆಗೆ ಆಳು ಹಾಜರಿರಬೇಕು. ಸವೆದ ಬೆರಳಿನ ಗುರುತು ಹೊಂದದೆ ಆಧಾರ್ ತಿದ್ದಿಸಬೇಕಾದಾಗ ಅದೇ ಆನ್‌ಲೈನ್ ವ್ಯವಸ್ಥೆ ಮುದುಕರನ್ನು ಊರು ಬಿಟ್ಟು ಹೊರಡಿಸುತ್ತದೆ.

ಹೆಚ್ಚು ತೂಕದ ಆಕ್ಷೇಪ ಹಣದ್ದು. ಸಾರಿಗೆ ನಿಗಮದಲ್ಲಿ ಒಂದು ಶೆಡ್ಯೂಲಿನ ಹಣೆಬರಹ ನಿರ್ಧರಿಸುವುದು ಇಪಿಕೆಎಂ, ಅಂದರೆ ಪ್ರತಿ ಕಿಲೋಮೀಟರಿಗೆ ಬರುವ ಗಳಿಕೆ. ಹನ್ನೆರಡು ಜನಕ್ಕಾಗಿ ಐವತ್ತು ಸೀಟಿನ ಬಸ್ಸು, ಇಬ್ಬರು ಸಿಬ್ಬಂದಿ, ಡಿಪೊದಿಂದ ಖಾಲಿ ಓಟ ಇವೆಲ್ಲ ಸೇರಿದರೆ ನಷ್ಟವಾಗದೆ ಇನ್ನೇನಾದೀತು? ಅಧಿಕಾರಿಗಳನ್ನು ಬೈದು ಫಲವಿಲ್ಲ. ಆದರೆ ಅದೇ ಹನ್ನೆರಡು ಜನ ಹನ್ನೆರಡು ಸೀಟಿನ ಗಾಡಿಗೆ ಫುಲ್ ಲೋಡ್. ತಪ್ಪಿರುವುದು ಗಾಡಿಯ ಅಳತೆ. ಹಳ್ಳಿಯ ಜನ ಇದನ್ನು ಎಂದೋ ಕಂಡುಕೊಂಡಿದ್ದಾರೆ, ಟ್ರ್ಯಾಕ್ಸು, ಆಪೆ, ಕಡೆಗೆ ಲಗೇಜ್ ಆಟೊ ಹತ್ತಿ ಹೋಗುತ್ತಿದ್ದಾರೆ. ಕಾನೂನು ಮಾತ್ರ ಅದನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ಒಬ್ಬೊಬ್ಬರಿಂದ ಬೇರೆಬೇರೆ ಚಾರ್ಜು ಪಡೆದು ದಾರಿಯುದ್ದಕ್ಕೂ ಹತ್ತಿಸಿ ಇಳಿಸಲು ಸ್ಟೇಜ್ ಕ್ಯಾರಿಯೇಜ್ ಪರ್ಮಿಟ್ ಬೇಕು. ಬಾಡಿಗೆ ಗಾಡಿಗೆ ಆ ಅಧಿಕಾರವಿಲ್ಲ. ಸರಕಿನ ಗಾಡಿಯಲ್ಲಿ ಕೂತವರ ಪಾಡು ಇನ್ನೂ ಕಷ್ಟ: ಅಂಥ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೆಲಸ ಮುಗಿಸಿ ಲಗೇಜ್ ಆಟೊದಲ್ಲಿ ಮರಳುವ ಕೂಲಿ ಹೆಂಗಸರು ಈ ತೀರ್ಪಿನ ಮೇಲೇ ಕೂತು ಬರುತ್ತಿದ್ದಾರೆ ಅನ್ನಬಹುದು.

ದಾರಿ ಮುಚ್ಚಿಲ್ಲ. 2019ರ ತಿದ್ದುಪಡಿ ಅದೇ ಕಾಯ್ದೆಯ 67ನೇ ಕಲಮಿಗೆ ಸೇರಿಸಿದ ಉಪಕಲಮು, ಗ್ರಾಮೀಣ ಸಾರಿಗೆಗಾಗಿ ಪ್ರತ್ಯೇಕ ಸ್ಕೀಮು ಮಾಡಿ ಲೈಸೆನ್ಸ್ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 72ನೇ ಕಲಮಿನಂತೆ ಹಳ್ಳಿಗಾಡಿನ ಪರ್ಮಿಟ್ಟಿನ ಷರತ್ತುಗಳನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಸಡಿಲಿಸಬಹುದು. ನೆರೆಯ ಕೇರಳದಲ್ಲಿ ಇನ್ನೊಂದು ಮಾದರಿಯಿದೆ. 2022ರ ಜುಲೈನಲ್ಲಿ ಅಲ್ಲಿ ಆರಂಭವಾದ ‘ಗ್ರಾಮವಂಡಿ’ಯಲ್ಲಿ ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದು, ಬಸ್ಸು ಮತ್ತು ಸಿಬ್ಬಂದಿ ಸಾರಿಗೆ ನಿಗಮದ್ದು. ಗಾಡಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಎಂಬುದರಲ್ಲಿ ಪಂಚಾಯಿತಿಗೂ ಮಾತಿದೆ. ಹಣ ಕೊಟ್ಟವರಿಗೆ ವೇಳೆ ಕೇಳುವ ಹಕ್ಕು ಹುಟ್ಟುತ್ತದೆ ಎಂಬುದೇ ಅದರ ಸತ್ವ. ಮನವಿಪತ್ರ ಹಿಡಿದು ಡಿಪೊ ಮ್ಯಾನೇಜರ್ ಮುಂದೆ ನಿಲ್ಲುವ ನಮ್ಮ ಪಂಚಾಯಿತಿ ಸದಸ್ಯರಿಗೆ ಆ ಹಕ್ಕಿಲ್ಲ.

ಜನರೇ ಸೇರಿ ಬಸ್ಸು ಓಡಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಅದನ್ನು ಮಾಡಿ ತೋರಿಸಿದ ಜಿಲ್ಲೆಯೇ ಇದು. ಖಾಸಗಿ ಕಂಪನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕ ಮಲೆನಾಡಿನ ಒಳದಾರಿಗಳಲ್ಲಿ ಓಡಿತು. ಶಾಲಾಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟಿತು, ಸಹಕಾರ ಚಳವಳಿಗೆ ಮಾದರಿ ಎನಿಸಿತು. 2020ರ ಫೆಬ್ರುವರಿಯಲ್ಲಿ, ಲಾಕ್‌ಡೌನಿಗೂ ಮೊದಲೇ, ನಷ್ಟ ತಾಳಲಾರದೆ ನಿಂತಿತು. ಡೀಸೆಲ್ಲು, ತೆರಿಗೆ, ಬಿಡಿಭಾಗದ ದರ ಏರುತ್ತಲೇ ಇದ್ದಾಗ ಟಿಕೆಟ್ಟಿನ ಆದಾಯವೊಂದನ್ನೇ ನಂಬಿ ಒಳಹಳ್ಳಿಗೆ ಬಸ್ಸು ಓಡಿಸಲು ಕಾರ್ಮಿಕರೇ ಮಾಲೀಕರಾದರೂ ಆಗಲಿಲ್ಲ. ಇದನ್ನು ಸಹಕಾರ ತತ್ವದ ಸೋಲೆಂದು ಹೇಳುವುದು ಅನ್ಯಾಯ. ಊರಿನ ಕೆರೆ ಹೂಳೆತ್ತಲು ನೀರು ಕುಡಿಯುವ ದನಗಳಿಂದ ಸುಂಕ ವಸೂಲಿ ಮಾಡಿ ಎಂದ ಹಾಗಿತ್ತು ಅದರ ಮೇಲಿನ ನಿರೀಕ್ಷೆ. ಸಮುದಾಯ ಗಾಡಿ ನಡೆಸಬಲ್ಲದು, ನಷ್ಟ ತುಂಬಲಾರದು.

ಹಾಗಾದರೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕಿನಲ್ಲಿ ಏನಾಗಬಹುದು? ಹೋಬಳಿಯನ್ನು ಘಟಕವಾಗಿ ಹಿಡಿಯಬೇಕು. ನಾಡಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಪ್ರೌಢಶಾಲೆ ಬಹುಮಟ್ಟಿಗೆ ಹೋಬಳಿ ಕೇಂದ್ರದ ಸುತ್ತಲೇ ಇರುತ್ತವೆ. ನಿಗಮದ ದೊಡ್ಡ ಬಸ್ಸು ಅಲ್ಲಿಂದ ತಾಲ್ಲೂಕಿಗೆ ಓಡಲಿ. ಒಳಹಳ್ಳಿಯಿಂದ ಹೋಬಳಿಗೆ ಹನ್ನೆರಡು ಸೀಟಿನ ಗಾಡಿಗಳನ್ನು ಕಿಲೋಮೀಟರಿಗೆ ಇಂತಿಷ್ಟೆಂದು ಗುತ್ತಿಗೆ ಹಿಡಿಯಬೇಕು, ಈಗ ಟ್ರ್ಯಾಕ್ಸು ಓಡಿಸುವವರನ್ನೇ ಲೈಸೆನ್ಸ್, ವಿಮೆ ಸಮೇತ ಒಳಗೆ ತರಬಹುದು. ಮಧ್ಯಾಹ್ನ ಎರಡು ಮತ್ತು ಸಂಜೆ ಆರರ ಬರುವ ಟ್ರಿಪ್ಪು ಕಡ್ಡಾಯ, ತಪ್ಪಿದರೆ ಬಿಲ್ಲಿನಲ್ಲಿ ಕಡಿತ. ಹೆಂಗಸರಿಗೆ ಇಲ್ಲಿಯೂ ಶಕ್ತಿ ಅನ್ವಯಿಸಬೇಕು, ಇಲ್ಲದಿದ್ದರೆ ಬಿಟ್ಟಿ ಬಸ್ಸು ಹೆದ್ದಾರಿಯಲ್ಲಿ, ದುಡ್ಡಿನ ಗಾಡಿ ಹಳ್ಳಿಯಲ್ಲಿ ಎಂಬ ವಿಪರೀತವಾಗುತ್ತದೆ. ನಿಗಮದ ಗಳಿಕೆಗೆ ಪೆಟ್ಟು ಎಂಬ ಆತಂಕಕ್ಕೂ ಇದರಲ್ಲೇ ಉತ್ತರವಿದೆ: ಈ ಗಾಡಿಗಳಿಗೆ ಹೆದ್ದಾರಿಯಲ್ಲಿ ಓಡುವ ಪರ್ಮಿಟ್ಟೇ ಇರುವುದಿಲ್ಲ, ಹೋಬಳಿಯಲ್ಲಿ ಇಳಿದವರು ಮುಂದಿನ ದಾರಿಗೆ ನಿಗಮದ ಬಸ್ಸನ್ನೇ ಹತ್ತಬೇಕು.

ಒಂದು ತೊಡಕು ಬಾಕಿಯಿದೆ. ಸಿಂಗಟಗೆರೆ, ಪಂಚನಹಳ್ಳಿಯ ಕೆಲವು ಹಳ್ಳಿಗಳಿಗೆ ಹಾಸನ ಜಿಲ್ಲೆಯ ಅರಸೀಕೆರೆ ಹತ್ತಿರ, ಯಗಟಿ, ಶಿವನಿ ಕಡೆಯ ಕೆಲವರಿಗೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ. ತರೀಕೆರೆಯವರು ದೊಡ್ಡ ಕಾಯಿಲೆಗೆ ಶಿವಮೊಗ್ಗಕ್ಕೇ ಓಡುತ್ತಾರೆ. ಪರ್ಮಿಟ್ಟು, ಡಿಪೊ, ಅನುದಾನ ಮಾತ್ರ ಜಿಲ್ಲೆಯ ಗಡಿಗೆ ಬಂದು ನಿಲ್ಲುತ್ತವೆ. ಮೂರು–ನಾಲ್ಕು ಜಿಲ್ಲೆಗಳು ಒಂದೇ ಮೇಜಿಗೆ ಬಾರದೆ ಇದು ಬಗೆಹರಿಯದು. ಜಿಲ್ಲೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. 2021ರಲ್ಲಿ ಶುರುವಾದ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಕಾರ್ಯಕ್ರಮದಲ್ಲಿ ತಿಂಗಳ ಮೂರನೇ ಶನಿವಾರ ಹಳ್ಳಿಗೆ ಹೋಗಿ ಅಹವಾಲು ಕೇಳಬೇಕಾದವರೂ ಅವರೇ. ಬಸ್ಸಿಲ್ಲ ಎಂಬ ಅರ್ಜಿಯನ್ನು ಅಲ್ಲಿ ಸ್ವೀಕರಿಸಿ ಡಿಪೊಗೆ ರವಾನಿಸುವ ಬದಲು, ತಮ್ಮದೇ ಪ್ರಾಧಿಕಾರದ ಮುಂದಿನ ಸಭೆಯ ಅಜೆಂಡಾಕ್ಕೆ ಸೇರಿಸಿಕೊಳ್ಳಲು ಅವರಿಗೆ ಯಾರ ಅನುಮತಿಯೂ ಬೇಕಿಲ್ಲ.