ಹಳದಿ ಎಲೆ, ಕಪ್ಪು ಶಾಯಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬೆಳೆಗಾರರಿಗೆ ಅಡಿಕೆಯ ಹಳದಿ ಎಲೆ ರೋಗವನ್ನು ಪರಿಚಯಿಸಬೇಕಾಗಿಲ್ಲ. ದಶಕಗಳಿಂದ ಅದು ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಹಿಂಡುತ್ತಿದೆ. ಈಚೆಗೆ ಎಲೆಚುಕ್ಕೆ ರೋಗವೂ ಜೊತೆಗೂಡಿದೆ. ಎರಡರ ಗುರುತನ್ನೂ ಬಿಡಿಸಿ ಹೇಳುವ ಕಿರುಹೊತ್ತಿಗೆಯೊಂದು ಅಗ್ಗದಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಅಚ್ಚಾಗಬೇಕು ಎಂದಿಟ್ಟುಕೊಳ್ಳೋಣ. ರೋಗದ ಗುರುತೇ ಬಣ್ಣ. ಪ್ರೆಸ್ಸಿನಲ್ಲಿ ಆ ಬಣ್ಣವೇ ಇಲ್ಲ!

ಗಾಢ ಹಳದಿ ಬೂದುಬಣ್ಣಕ್ಕೆ ತಿರುಗಿದಾಗ ಹೆಚ್ಚುಕಡಿಮೆ ಬಿಳಿಯಾಗುತ್ತದೆ. ಎಳೆ ಹಸಿರಿನ ಗತಿಯೂ ಅದೇ. ಹಳದಿ ಎಲೆ ರೋಗದಲ್ಲಿ ಗರಿಯ ತುದಿಯಿಂದ ಹಳದಿ ಒಳಸರಿಯುತ್ತದೆ, ನಡುದಿಂಡಿನ ಪಕ್ಕದ ಪಟ್ಟಿ ಮಾತ್ರ ಹಸಿರಾಗಿ ಉಳಿಯುತ್ತದೆ. ಇದನ್ನು ಫೋಟೊಗಿಂತ ರೇಖಾಚಿತ್ರವೇ ಚೆನ್ನಾಗಿ ಹೇಳೀತು: ಹಸಿರಿಗೆ ಒತ್ತಾದ ಗೆರೆ, ಹಳದಿಗೆ ಖಾಲಿ ಜಾಗ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕದ ಗಿಡಮರಗಳು ಬರೀ ಗೆರೆಯಲ್ಲೇ ಗುರುತು ಸಿಗುತ್ತವಲ್ಲ.

ಇಂಥ ಚಿತ್ರಕ್ಕೆ ಇಂಕ್‌ಸ್ಕೇಪ್ ತಂತ್ರಾಂಶ ಸರಿಯಾದ ಜಾಗ. ಅಲ್ಲಿ ಗೆರೆ ಪಿಕ್ಸೆಲ್‌ಗಳಲ್ಲಿ ಉಳಿಯುವುದಿಲ್ಲ. ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿರುತ್ತದೆ. ಕುಗ್ಗಿಸುವಾಗಲೇ ಎಚ್ಚರ ಬೇಕು. ಅರ್ಧ ಪಾಯಿಂಟ್ ದಪ್ಪದ ಗೆರೆ ಚಿತ್ರದ ಜೊತೆಗೇ ಅರ್ಧಕ್ಕಿಳಿದರೆ 0.25 ಪಾಯಿಂಟ್, ಅದಕ್ಕಿಂತ ತೆಳುವಾದದ್ದು ಅಚ್ಚಿನಲ್ಲಿ ಅಲ್ಲಲ್ಲಿ ತುಂಡಾಗಬಹುದು. ಚಿತ್ರದೊಳಗಿನ ಕನ್ನಡ ಅಕ್ಷರಗಳನ್ನು ಪಾತ್‌ಗೆ, ಎಂದರೆ ಬರೀ ಆಕಾರಗಳಿಗೆ, ಬದಲಿಸಿ ಪಿಡಿಎಫ್ ಕಳಿಸಿದರೆ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡದು.

ಸ್ಕ್ರೀನ್‌ಶಾಟಿನ ಕಥೆ ಬೇರೆ. ಹೊತ್ತಿಗೆಯಲ್ಲಿ ಬೆಳೆಹಾನಿಯ ಅರ್ಜಿಯ ವಿವರವೂ ಇದ್ದರೆ ಪಹಣಿಯ ಮಾತು ಬಂದೇ ಬರುತ್ತದೆ. ಸರ್ಕಾರದ ಭೂದಾಖಲೆ ಜಾಲತಾಣ ‘ಭೂಮಿ’ಯ ಪುಟವನ್ನು ಮೊಬೈಲಿನಲ್ಲಿ ಹಿಡಿದು ಹೊತ್ತಿಗೆಗೆ ಹಾಕುವುದು ಸುಲಭ ಅನ್ನಿಸುತ್ತದೆ. 1080 ಪಿಕ್ಸೆಲ್ ಅಗಲದ ಚಿತ್ರ, ಇಂಚಿಗೆ 300ರ ಲೆಕ್ಕದಲ್ಲಿ, ಕಾಗದದ ಮೇಲೆ 9 ಸೆಂ.ಮೀ.ಗೆ ಮುಗಿಯುತ್ತದೆ. ಅದರಲ್ಲಿ ಅರ್ಧ ಕತ್ತರಿಸಿಕೊಂಡರೆ ನಾಲ್ಕೂವರೆ. ಡಿಪಿಐ ಖಾನೆಯಲ್ಲಿ ಬರೀ 300 ಎಂದು ಬರೆದರೆ ಒಂದು ಪಿಕ್ಸೆಲ್ಲೂ ಹೆಚ್ಚಾಗದು. ಬದಲಿಗೆ ಕಂಪ್ಯೂಟರಿನ ಬ್ರೌಸರಿನಲ್ಲಿ ಪುಟವನ್ನು ಶೇಕಡಾ 200ಕ್ಕೆ ಹಿಗ್ಗಿಸಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆದರೆ ಅಕ್ಷರಗಳು ಹೊಸದಾಗಿ ಮೂಡುತ್ತವೆ. ಪುಟದಲ್ಲಿ ಚಿತ್ರವಾಗಿಯೇ ಕೂತ ಅಕ್ಷರಕ್ಕೆ ಈ ಉಪಾಯ ನಡೆಯದು. ಆಗ ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಇಂಟರ್‌ಪೊಲೇಶನ್ ‘ನನ್’ (None) ಇಟ್ಟು ಸರಿಯಾಗಿ ಎರಡು ಇಲ್ಲವೇ ಮೂರು ಪಟ್ಟು ಮಾಡಬೇಕು. ಎರಡೂಕಾಲು ಪಟ್ಟು ಮಾಡಿದರೆ ಅಕ್ಷರದ ಗೆರೆಗಳು ಒಂದು ದಪ್ಪ, ಒಂದು ತೆಳು ಆಗುತ್ತವೆ.

ಅಕ್ಷರ ಮಸುಕಾಗಲು ಹಿನ್ನೆಲೆಯೂ ಕಾರಣ. ಪರದೆಯ ತೆಳು ಬೂದು ಅಚ್ಚಿನಲ್ಲಿ ಚುಕ್ಕಿಗಳ ಜಾಲವಾಗಿ, ದೀರ್ಘ, ಒತ್ತುಗಳ ಅಂಚು ಕಚ್ಚುತ್ತದೆ. ಗಿಂಪ್‌ನ ಲೆವೆಲ್ಸ್‌ನಲ್ಲಿ ಬಿಳಿಯ ಗುಂಡಿಯನ್ನು ಎಡಕ್ಕೆಳೆದರೆ ಹಿನ್ನೆಲೆ ಅಚ್ಚ ಬಿಳಿ. ಖಾತೆದಾರರ ಹೆಸರು, ಸರ್ವೆ ನಂಬರಿನ ಮೇಲೆ ಅಪ್ಪಟ ಕಪ್ಪು ಪಟ್ಟಿ. ಮೊಬೈಲಿನ ಅರೆಪಾರದರ್ಶಕ ಪೆನ್ನಿನಡಿ ಅಕ್ಷರ ಇಣುಕುವುದುಂಟು. ಉಳಿಸುವುದು ಪಿಎನ್‌ಜಿಯಲ್ಲಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಇಷ್ಟೂ ಕೆಲಸ ನೀರುಪಾಲು. ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಎಲೆಚುಕ್ಕೆಗೆ ಮಾತ್ರ ಫೋಟೊ ಬೇಕೇ ಬೇಕು, ಚುಕ್ಕೆಯ ಸುತ್ತಲಿನ ತೆಳು ಹಳದಿ ಬಳೆ ಕಾಣಬೇಕಲ್ಲ. ಒರಟು ಕಾಗದದಲ್ಲಿ ಶಾಯಿ ಹರಡಿ ನಡುಬೂದು ಇನ್ನಷ್ಟು ಕಪ್ಪಾಗುವುದರಿಂದ, ಪರದೆಯಲ್ಲಿ ಆ ಫೋಟೊ ಕೊಂಚ ಪೇಲವವಾಗಿ ಕಂಡರೇ ಒಳ್ಳೆಯದು. ಎಷ್ಟು ಪೇಲವ ಎಂಬುದನ್ನು ಅದೇ ಕಾಗದದ ಮೇಲೆ ತೆಗೆಸಿದ ಒಂದು ಪ್ರೂಫ್ ತೋರಿಸಿಕೊಡುತ್ತದೆ.