ಆಸ್ಪತ್ರೆಯಲ್ಲಿ ಹಸುಗೂಸಿಗೆ ತಗಲುವ ಸೋಂಕು: ಲೆಕ್ಕವಿಡುವುದೇಕೆ?

ಕಿಗ್ಗ ಸೀಮೆಯ ರೈತ ಬಂಧುಗಳೇ,

ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ಆಮೇಲೂ ಸುಮ್ಮನಿರದೆ ಮರದ ಬುಡದಲ್ಲಿ ಉದುರಿದ ಕಾಯಿ ನೋಡುತ್ತೀರಿ. ಕೊಳೆ ಎಲ್ಲಿ ಶುರುವಾಯಿತು, ಎಷ್ಟು ಮರಕ್ಕೆ ಹಬ್ಬಿತು ಎಂಬ ಲೆಕ್ಕ ನಿಮ್ಮ ತಲೆಯಲ್ಲಿರುತ್ತದೆ. ಆಸ್ಪತ್ರೆಯ ಹಸುಗೂಸುಗಳಿಗೂ ಇಂಥದೇ ಲೆಕ್ಕ ಬೇಕು.

ಹೆರಿಗೆ ಆಸ್ಪತ್ರೆಯಲ್ಲಾಗುವುದೇ ಕ್ಷೇಮ. ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳು ತುಂಬದೆ ಹುಟ್ಟಿದ, ತೂಕ ಕಡಮೆಯಾದ ಕೂಸಿಗೆ ಚರ್ಮ ತೆಳು, ರೋಗ ತಡೆಯುವ ಶಕ್ತಿ ಅಲ್ಪ. ಸೂಜಿ, ನಳಿಕೆ, ಉಸಿರಾಟದ ಯಂತ್ರ ಜೀವ ಉಳಿಸುವವೂ ಹೌದು, ಕ್ರಿಮಿಗೆ ದಾರಿಯಾಗುವವೂ ಹೌದು. ಒಂದು ಕೂಸಿನಿಂದ ಇನ್ನೊಂದಕ್ಕೆ ಕ್ರಿಮಿ ಸಾಗುವುದು ಬಹುಮಟ್ಟಿಗೆ ಕೈಗಳ ಮೂಲಕ.

ಇದು ತಿಳಿದದ್ದೂ ಲೆಕ್ಕದಿಂದಲೇ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಎರಡು ಹೆರಿಗೆ ವಿಭಾಗಗಳಲ್ಲಿ ಸತ್ತ ಬಾಣಂತಿಯರ ಸಂಖ್ಯೆ ಹೋಲಿಸಿದನು. ವೈದ್ಯರು ಹೆಣ ಕೊಯ್ದು ಬರುತ್ತಿದ್ದ ವಿಭಾಗದಲ್ಲೇ ಸಾವು ಹೆಚ್ಚು! 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದ ಮೇಲೆ ಸಾವು ಇಳಿಯಿತು.

ನಮ್ಮ ದೇಶದಲ್ಲಿ 2011ರಿಂದ 2014ರವರೆಗೆ ದೆಹಲಿಯ ಮೂರು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ 13,530 ಕೂಸುಗಳನ್ನು ಗಮನಿಸಿದರು. ನೂರಕ್ಕೆ ಸುಮಾರು 14 ಕೂಸುಗಳಿಗೆ ರಕ್ತನಂಜಾಗಿತ್ತು. ಮೂರರಲ್ಲಿ ಎರಡು ಪಾಲು ಹುಟ್ಟಿದ 72 ಗಂಟೆಯೊಳಗೆ. ಹಲವು ಕ್ರಿಮಿಗಳು ಅನೇಕ ಔಷಧಗಳಿಗೆ ಬಗ್ಗಲಿಲ್ಲ.

ಲೆಕ್ಕವಿಡುವ ಕ್ರಮ ಹೀಗೆ. ಆಸ್ಪತ್ರೆಗೆ ಸೇರುವಾಗ ಇಲ್ಲದೆ, ಎರಡು ದಿನ ಕಳೆದ ಮೇಲೆ ತೋರಿದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯ ಲೆಕ್ಕಕ್ಕೆ ಬರೆಯುತ್ತಾರೆ. ರಕ್ತ ಪರೀಕ್ಷೆಯಿಂದ ಕ್ರಿಮಿ ಯಾವುದೆಂದು ಗುರುತಿಸುತ್ತಾರೆ. ಹತ್ತು ಕೂಸುಗಳಿಗೆ ತಲಾ ಐದು ದಿನ ರಕ್ತನಾಳದ ನಳಿಕೆ ಇದ್ದರೆ 50 ನಳಿಕೆ-ದಿನ. ಇಂಥ ಸಾವಿರ ದಿನಕ್ಕೆ ಎಷ್ಟು ಸೋಂಕು ಎಂದು ನೋಡಿದರೆ ಚಿಕ್ಕ ಆಸ್ಪತ್ರೆಯನ್ನೂ ದೊಡ್ಡದನ್ನೂ ಹೋಲಿಸಬಹುದು. ಎಕರೆ ತೋಟದ ಹತ್ತು ಕೊಳೆಮರ, ಹತ್ತೆಕರೆಯ ಹತ್ತು ಕೊಳೆಮರ ಒಂದೇ ಅಲ್ಲವಷ್ಟೆ. ಸೋಂಕೇ ಇಲ್ಲವೆನ್ನುವ ಆಸ್ಪತ್ರೆಗಿಂತ ಲೆಕ್ಕ ತೋರಿಸುವ ಆಸ್ಪತ್ರೆಯನ್ನು ನಾವು ಹೆಚ್ಚು ನಂಬುತ್ತೇವೆ. ಬುಡ ನೋಡದವನಿಗೆ ಕೊಳೆ ಕಾಣುವುದಿಲ್ಲ.

ತಮ್ಮಿಂದಾಗುವುದೂ ಉಂಟು. ಕೂಸನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ. ದಾದಿಯರನ್ನೂ ಕೇಳಿರಿ, ಸಂಕೋಚ ಬೇಡ. ನೋಡಲು ನೆಂಟರ ಹಿಂಡು ಹೋಗಬಾರದು. ತಾಯಿಹಾಲು ಕೊಡಿಸಿರಿ. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಹಚ್ಚಬೇಡಿರಿ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಬಂದು ನೋಡುತ್ತಾಳೆ. ಕೂಸು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಮಂಕಾದರೆ, ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ, ಹೊಕ್ಕುಳಲ್ಲಿ ಕೀವು ಕಂಡರೆ ಅವಳ ದಿನಕ್ಕೆ ಕಾಯಬೇಡಿರಿ. ನಮ್ಮ ಮಳೆ, ನಮ್ಮ ಘಟ್ಟದ ದಾರಿ ತಮಗೆ ಗೊತ್ತೇ ಇದೆ. ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ ಹೊರಡಿರಿ. ಆಸ್ಪತ್ರೆಯಿಂದ ಬಿಟ್ಟಾಗ ಕೊಟ್ಟ ಚೀಟಿಯನ್ನು ಜೊತೆಗೆ ಒಯ್ಯಿರಿ. ಮನೆಯಲ್ಲಿ ತೋರಿದ ಸೋಂಕನ್ನೂ ಹೆರಿಗೆಯಾದ ಆಸ್ಪತ್ರೆಗೆ ತಿಳಿಸಿದರೆ ಅದೂ ಅವರ ಲೆಕ್ಕಕ್ಕೆ ಸಿಗುತ್ತದೆ.