ಬೆಟ್ಟ ಇಳಿದ ಮೇಲೆ ಮಂಡಿನೋವೇಕೆ?

ಬೆಟ್ಟ ಹತ್ತುವಾಗ ಏದುಸಿರು ಬಂತು, ತೊಡೆ ಸೋತಿತು; ಆದರೆ ಮಂಡಿ ನೋಯಲಿಲ್ಲ. ಇಳಿಯುವಾಗ ಪೆಡಲ್ ತುಳಿಯುವ ಶ್ರಮವೇ ಇರಲಿಲ್ಲ. ಆದರೂ ಮನೆಗೆ ಬಂದು ಮೆಟ್ಟಿಲಿಳಿಯುವಾಗ ಮಂಡಿಚಿಪ್ಪಿನ ಸುತ್ತ ಚುಳ್ಳೆಂದು ನೋವು! ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೋ ಮಲೆನಾಡಿನ ಕಲ್ಲುದಾರಿಗೋ ಮೌಂಟನ್ ಬೈಕ್ ಒಯ್ಯುವ ನಿಮ್ಮ ಮಗನೋ ಮಗಳೋ ಹೀಗೆಂದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ.

ಇಳಿಜಾರಿನಲ್ಲಿ ಸವಾರರು ಸೀಟಿನ ಮೇಲೆ ಕೂರುವುದಿಲ್ಲ. ಎರಡೂ ಪೆಡಲ್‌ಗಳನ್ನು ಒಂದೇ ಮಟ್ಟದಲ್ಲಿಟ್ಟು, ಮಂಡಿ ಅರೆಬಾಗಿಸಿ, ಅವುಗಳ ಮೇಲೆ ನಿಂತೇ ಇಳಿಯುತ್ತಾರೆ. ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತಂತೆ ಎರಡು ನಿಮಿಷ ನಿಂತು ನೋಡಿ, ಕಷ್ಟ ಅರ್ಥವಾಗುತ್ತದೆ. ಇಲ್ಲಿ ಅದರ ಜೊತೆಗೆ ಪ್ರತಿಯೊಂದು ಕಲ್ಲು, ಗುಂಡಿಯ ಕುಲುಕಾಟವೂ ಸೇರುತ್ತದೆ. ಆ ಹೊಡೆತವನ್ನು ತಡೆಯಲು ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿದ್ದುಕೊಂಡೇ ಹಿಗ್ಗಬೇಕು. ಮಂಡಿ ಬಾಗಿದಷ್ಟೂ ಮಂಡಿಚಿಪ್ಪು ತೊಡೆಮೂಳೆಯನ್ನು ಹೆಚ್ಚು ಒತ್ತುತ್ತದೆ. ಮಂಡಿ ಸವೆದ ಅಜ್ಜಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚಾಗಿ ಕಾಡುವುದೂ ಇದೇ ಕಾರಣದಿಂದ.

ತೊಡೆಯ ಮಾಂಸಖಂಡ ಮಾತ್ರ ಒಂದೆರಡು ದಿನ ನೋಯುತ್ತಿದ್ದರೆ ಚಿಂತೆ ಬೇಡ, ಅದು ಅಭ್ಯಾಸವಿಲ್ಲದ ದುಡಿಮೆಯ ಫಲ. ನೋವು ಕೀಲಿನಲ್ಲೇ ಇದ್ದರೆ ಮೊದಲು ಸೈಕಲ್ಲಿನ ಸೀಟನ್ನು ನೋಡಿ. ಇಳಿಯುವಾಗ ಅನುಕೂಲಕ್ಕೆಂದು ತಗ್ಗಿಸಿದ ಸೀಟನ್ನು ಮತ್ತೆ ಏರಿಸಲು ಮರೆತು, ಮನೆಯವರೆಗೂ ಮಂಡಿ ಮಡಚಿಕೊಂಡೇ ತುಳಿದು ಬರುವವರು ಬಹಳ. ಸೀಟು ಸರಿಯಿದೆಯೇ ಎಂದು ತಿಳಿಯಲು ಗೋಡೆ ಹಿಡಿದು ಅದರ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರ ಕೆಳಗಿರುವಾಗ ಕಾಲು ನೇರವಾಗಬೇಕು. ಬಳಿಕ ಅಂಗಾಲಿನ ಮುಂಭಾಗದಿಂದ ತುಳಿದರೆ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಸಾಮಾನ್ಯವಾಗಿ ಸೀಟು ತಗ್ಗಾದರೆ ಮಂಡಿಯ ಮುಂದೆ, ತೀರ ಎತ್ತರವಾದರೆ ಹಿಂದೆ ನೋವು ಬರುತ್ತದೆ.

ಇನ್ನು ನಿಲ್ಲುವ ರೀತಿ. ಬಹುತೇಕ ಎಲ್ಲರೂ ಯಾವಾಗಲೂ ಒಂದೇ ಪಾದವನ್ನು ಮುಂದಿಡುತ್ತಾರೆ. ಒಂದೇ ಮಂಡಿ ನೋಯುತ್ತಿದ್ದರೆ ಇದನ್ನು ಗಮನಿಸಿ, ಆಗಾಗ ಪಾದ ಬದಲಿಸಿ. ಹಿಮ್ಮಡಿ ಕೆಳಗಿರಲಿ, ಸೊಂಟ ಹಿಂದಕ್ಕಿರಲಿ. ಉದ್ದದ ಇಳಿಜಾರಿನಲ್ಲಿ ನಡುನಡುವೆ ಇಳಿದು ಕಾಲು ಚಾಚಿಕೊಳ್ಳಿ, ಬ್ರೇಕಿಗೂ ಬಿಸಿ ಆರಲು ಅವಕಾಶವಾಗುತ್ತದೆ. ಜೊತೆಗಾರರು ಕಾಯಲಿ ಬಿಡಿ!

ನೋವು ಬಂದ ದಿನ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಊತವಿದ್ದರೆ ಅದು ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಬಾರಿ ಸಾಕು. ಕೆಲವು ದಿನ ಇಳಿಜಾರು ಬಿಟ್ಟು ಸಮತಟ್ಟಾದ ರಸ್ತೆಯಲ್ಲಿ, ಹಗುರವಾದ ಗೇರಿನಲ್ಲಿ, ನೋಯದಷ್ಟು ದೂರ ಮಾತ್ರ ಸವಾರಿ ಮಾಡಬಹುದು. ನೋವಿನ ಮಾತ್ರೆ ನುಂಗಿ ಮತ್ತೆ ಬೆಟ್ಟಕ್ಕೆ ಹೊರಡುವುದು ಮಾತ್ರ ಅವಿವೇಕ. ನೋವು ತಗ್ಗಿದ ಮೇಲೆ ಗೋಡೆಗೆ ಬೆನ್ನೊರಗಿಸಿ ಸ್ವಲ್ಪವೇ ಕುಸಿದು 20 ಸೆಕೆಂಡು ನಿಲ್ಲುವ ವ್ಯಾಯಾಮವನ್ನು ಆರಂಭಿಸಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದರಿಂದ ಸೊಂಟದ ಸ್ನಾಯು ಬಲಗೊಂಡು ಮಂಡಿ ಒಳಕ್ಕೆ ವಾಲುವುದು ತಪ್ಪುತ್ತದೆ.

ಬಿದ್ದ ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ, ನಡೆಯುವಾಗ ಥಟ್ಟನೆ ಕುಸಿದರೆ, ಕಾಲೂರಲು ಆಗದಿದ್ದರೆ ತಡಮಾಡದೆ ಮೂಳೆತಜ್ಞರಲ್ಲಿಗೆ ಹೋಗಿ. ಅಸ್ಥಿರಜ್ಜು ಹರಿದಿರಬಹುದು. ಮಂಡಿ ಕೆಂಪಾಗಿ ಬಿಸಿಯಾಗಿದ್ದು ಜ್ವರವೂ ಇದ್ದರೆ ಅಂದೇ ತೋರಿಸಬೇಕು.

ಹತ್ತರಿಂದ ಹದಿನೈದರ ವಯಸ್ಸಿನ ಮಕ್ಕಳ ವಿಷಯ ಸ್ವಲ್ಪ ಬೇರೆ. ಮಂಡಿಚಿಪ್ಪಿನ ಕೆಳಗೆ, ಮೊಳಕಾಲಿನ ಮೂಳೆಯ ಮೇಲ್ತುದಿಯಲ್ಲಿ ಮುಟ್ಟಿದರೆ ನೋಯುವ ಉಬ್ಬು ಕಂಡರೆ ಪೋಷಕರು ಗಾಬರಿಯಾಗುತ್ತಾರೆ. ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಪದೇಪದೇ ಎಳೆಯುವುದರಿಂದ ಇದು ಆಗುತ್ತದೆ. ವೈದ್ಯರಿಗೊಮ್ಮೆ ತೋರಿಸಿ, ರಾತ್ರಿ ನಿದ್ದೆ ಕೆಡಿಸುವ ನೋವೋ ಕುಂಟುವಿಕೆಯೋ ಇದ್ದರಂತೂ ತಪ್ಪದೆ ತೋರಿಸಿ. ಸೈಕಲ್ಲಿಗೆ ಬೀಗ ಹಾಕಬೇಕಾಗಿಲ್ಲ, ಕೆಲಕಾಲ ಆಟವನ್ನು ಕಡಿಮೆ ಮಾಡಿದರೆ ಆಯಿತು. ಬೆಳವಣಿಗೆ ಮುಗಿದ ಮೇಲೆ ನೋವು ಸಾಮಾನ್ಯವಾಗಿ ಹೋಗುತ್ತದೆ, ಉಬ್ಬು ಮಾತ್ರ ಉಳಿಯಬಹುದು.